ಓಟದ ಗಾಡಿಯ ಗಾಲಿ ಮತ್ತು ನನ್ನ ಕೆಮ್ಮು

ಓಟದ ಗಾಡಿಗೆ ಗಾಲಿ ಆರಿಸುವುದು ಮಗನಿಗೆ ಹೆಣ್ಣು ಆರಿಸುವುದಕ್ಕಿಂತ ಕಷ್ಟ ಎಂದು ನನ್ನ ಮಾವ ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದ. ಹೆಣ್ಣು ಕೆಟ್ಟದ್ದು ಬಂದರೆ ಮೂಲೆಯಲ್ಲಿ ಕೂರಿಸಿ ಬಾಗಿಲು ಹಾಕಬಹುದು, ಗಾಲಿ ಕೆಟ್ಟದ್ದಾದರೆ ಹತ್ತೂರಿನ ಮಂದಿಯ ಎದುರಿಗೆ ಮುರಿಯುತ್ತದೆ ಎನ್ನುತ್ತಿದ್ದ. ಅವನು ಹಾಗೆ ಹೇಳುವಾಗ ನಾನು ನೀರಿನ ಕೊಡ ಹಿಡಿದು ಅಲ್ಲೇ ನಿಂತಿರುತ್ತಿದ್ದೆ. ಗಿರಾಕಿಗಳು ನನ್ನ ಕಡೆ ನೋಡಿ ನಗುತ್ತಿದ್ದರು.

ಮಾವನನ್ನು ‘ಅವರು’ ಎಂದು ಬರೆಯಬೇಕು ಅಂತ ಇದನ್ನು ಓದಿದ ಮೊಮ್ಮಗಳು ಹೇಳಿದಳು. ಎದುರಿಗೆ ಎಷ್ಟೋ ವರ್ಷ ‘ರೀ’ ಹಚ್ಚಿ ಮಾತಾಡಿದ್ದೇನೆ. ಅಷ್ಟು ಸಾಕು.

ನಾನು ಬಾಗೇವಾಡಿ ತಾಲೂಕಿನವಳು. ಗೊಳಸಂಗಿಯ ಹತ್ತಿರದ ಹಳ್ಳಿ. ನನ್ನ ಅಪ್ಪನೂ ಗಾಲಿ ಮಾಡುವ ಬಡಿಗನೇ. ಅವನಿಗೆ ಗಂಡು ಹುಟ್ಟಲಿಲ್ಲ; ನಾನು, ನನ್ನ ತಂಗಿ, ಇಬ್ಬರೇ. ಮೂರನೆಯ ಇಯತ್ತೆ ಮುಗಿಯುವ ಮೊದಲೇ ನನ್ನನ್ನು ಶಾಲೆ ಬಿಡಿಸಿ ಕುಲುಮೆಯ ತಿದಿ ಒತ್ತಲು ಹಚ್ಚಿದ. ಗಾಲಿ ಅಳೆಯುವಾಗ ಲೆಕ್ಕ ಹಿಡಿಯುವುದೂ ನನ್ನ ಕೆಲಸವೇ ಆಗಿತ್ತು. ಆಣೆ ಹೋಗಿ ನಯಾಪೈಸೆ ಬಂದ ಹೊಸದರಲ್ಲಿ ನನ್ನ ಮದುವೆಯಾಯಿತು. ಗಂಡನ ಊರು ಲಚ್ಯಾಣದ ಆಚೆ, ಇಂಡಿಯ ದಾರಿಯ ಮೇಲೆ. ಅದೂ ಬಡಿಗರ ಮನೆ. ಮನೆಯಲ್ಲಿ ಮಾವ ಮತ್ತು ನನ್ನ ಗಂಡ, ಇಬ್ಬರೇ. ಅತ್ತೆ ನಾನು ಬರುವ ಮೊದಲೇ ಸತ್ತಿದ್ದಳು. ‘ಸತ್ತು ಪಾರಾದಳು ನೋಡವಾ’ ಎಂದು ನೆರೆಮನೆಯವಳು ನನಗೆ ಮೊದಲ ದಿನವೇ ಹೇಳಿದಳು.

ಗಂಡ ಕೆಟ್ಟವನಲ್ಲ. ಒಳ್ಳೆಯವನೂ ಅಲ್ಲ. ಹೊಡೆ ಎಂದಲ್ಲಿ ಸುತ್ತಿಗೆ ಹೊಡೆಯುತ್ತಿದ್ದ, ನಿಲ್ಲು ಎಂದರೆ ನಿಲ್ಲುತ್ತಿದ್ದ. ಹತ್ತರ ಮೇಲೆ ಎಣಿಸಬೇಕಾದರೆ ತೊಡರುತ್ತಿದ್ದ. ಅಪ್ಪನ ಮುಂದೆ ಅವನು ಬಾಯಿ ತೆರೆಯುತ್ತಿದ್ದದ್ದು ಊಟಕ್ಕೆ ಮಾತ್ರ.

ಮೂರು ತಿಂಗಳಲ್ಲಿ ನನಗೆ ಒಂದು ವಿಷಯ ಗೊತ್ತಾಯಿತು. ಮಾವನಿಗೆ ಕಣ್ಣು ಕಾಣುತ್ತಿರಲಿಲ್ಲ. ಬಿಸಿಲು, ನೆರಳು ತಿಳಿಯುತ್ತಿತ್ತು. ಯಾರೋ ಎದುರಿಗೆ ಬಂದು ನಿಂತದ್ದು ತಿಳಿಯುತ್ತಿತ್ತು, ಯಾರು ಎಂಬುದು ದನಿ ಕೇಳಿದ ಮೇಲೆ. ಮರದ ಕೆಲಸಕ್ಕೆ ಅವನಿಗೆ ಕಣ್ಣು ಬೇಕಾಗಿಯೂ ಇರಲಿಲ್ಲ. ಜಾಲಿಯ ತುಂಡಿನ ಮೇಲೆ ಅಂಗೈ ಸವರಿದರೆ ಗಂಟು ಎಲ್ಲಿದೆ, ಸೀಳು ಎಲ್ಲಿದೆ, ಹೇಳುತ್ತಿದ್ದ. ಎತ್ತು ತಂದವರ ಎತ್ತಿನ ಹೆಗಲು, ಎದೆ, ಮೊಣಕಾಲು ಮುಟ್ಟಿ ಇಷ್ಟೇ ಎತ್ತರದ ಗಾಲಿ ಎಂದು ಹೇಳುತ್ತಿದ್ದ. ಇದು ದೊಡ್ಡ ವಿದ್ಯೆ ಎಂದು ಮಂದಿ ತಿಳಿದಿದ್ದರು. ‘ಮುದುಕ ನೋಡೂದ ಇಲ್ಲ, ಮುಟ್ಟಿ ಹೇಳತಾನ’ ಎಂದು ಇಂಡಿಯವರೆಗೂ ಹೆಸರಾಗಿತ್ತು. ನೋಡುವುದಕ್ಕೆ ಆಗುತ್ತಿರಲಿಲ್ಲ ಎಂದು ಯಾರಿಗೂ ಹೊಳೆಯಲಿಲ್ಲ. ಹೊಳೆದಿದ್ದರೆ ಆಯ ನಿಲ್ಲುತ್ತಿತ್ತು. ಆಯ ಎಂದರೆ ರೈತರು ಸುಗ್ಗಿಯಲ್ಲಿ ಬಡಿಗನಿಗೆ ಕೊಡುವ ಜೋಳ. ನಾವು ವರ್ಷವಿಡೀ ತಿನ್ನುತ್ತಿದ್ದದ್ದು ಅದನ್ನೇ. ಕುರುಡ ಬಡಿಗನಿಗೆ ಯಾರು ಕೊಡುತ್ತಾರೆ?

ಅವನ ಕೈಗೆ ಸಿಗದ ಕೆಲಸ ಒಂದೇ: ಹಳಿಯ ಅಳತೆ. ಗಾಲಿಯ ಮರದ ಸುತ್ತಿಗೆ ಹಾಕುವ ಕಬ್ಬಿಣದ ಪಟ್ಟಿಗೆ ಹಳಿ ಎನ್ನುತ್ತೇವೆ. ಅದನ್ನು ಅಳೆಯುವುದಕ್ಕೆ ಊಟದ ತಟ್ಟೆಯಷ್ಟು ಚಿಕ್ಕದೊಂದು ಕಬ್ಬಿಣದ ಚಕ್ರವಿರುತ್ತದೆ, ಹಿಡಿಕೆ ಹಚ್ಚಿದ್ದು. ದೊಡ್ಡ ಗಾಲಿಯ ಮೇಲೆ ಸುಣ್ಣದ ಗೆರೆ ಎಳೆದು, ಅಲ್ಲಿಂದ ಈ ಚಕ್ರವನ್ನು ಅಂಚಿನ ಗುಂಟ ಉರುಳಿಸಿಕೊಂಡು ಹೋಗಿ ಮತ್ತೆ ಅದೇ ಗೆರೆಗೆ ಬಂದು ನಿಲ್ಲಬೇಕು. ಎಷ್ಟು ಸುತ್ತು, ಮೇಲೆ ಎಷ್ಟು ಬೆರಳು ಎಂದು ಹಿಡಿದುಕೊಂಡು ಕಬ್ಬಿಣದ ಪಟ್ಟಿಯ ಮೇಲೂ ಅಷ್ಟೇ ಉರುಳಿಸಬೇಕು. ಆದರೆ ಪಟ್ಟಿಯನ್ನು ತುಸು ಕಡಿಮೆ ಕತ್ತರಿಸಬೇಕು. ಕಾಯಿಸಿದಾಗ ಹಿಗ್ಗಿ ಗಾಲಿಯ ಮೇಲೆ ಕೂರುತ್ತದೆ, ನೀರು ಹೊಯ್ದಾಗ ಕುಗ್ಗಿ ಮರವನ್ನು ಕಚ್ಚುತ್ತದೆ. ಹೊಲದ ಭಾರದ ಗಾಡಿಯ ಗಾಲಿಗೆ ಒಂದೂವರೆ ಬೆರಳು ಕಡಿಮೆಯಾದರೂ ತಡೆಯುತ್ತದೆ. ಓಟದ ಗಾಡಿಯ ಗಾಲಿ ತೆಳು. ಅದಕ್ಕೆ ಅರ್ಧ ಬೆರಳು ಮಾತ್ರ. ಹೆಚ್ಚು ಕಚ್ಚಿದರೆ ನಡುವಿನಿಂದ ಅಂಚಿಗೆ ಚಾಚಿದ ಅರಗಳು ಮೂಳೆಯಂತೆ ಮುರಿಯುತ್ತವೆ.

ಸುಣ್ಣದ ಗೆರೆ ಈಚೆಗೆ ಅವನಿಗೆ ಕಾಣುತ್ತಿರಲಿಲ್ಲ, ಅಂದಾಜಿನ ಮೇಲೆ ನಿಲ್ಲಿಸುತ್ತಿದ್ದ. ಗೆರೆಯ ಬದಲು ಒಂದು ಮೊಳೆ ಹೊಡೆದಿದ್ದರೆ ಬೆರಳಿಗೆ ಸಿಗುತ್ತಿತ್ತು. ಹಾಗೆ ಹೊಡೆದರೆ ಕಣ್ಣಿಲ್ಲ ಎಂದು ಒಪ್ಪಿಕೊಂಡಂತೆ.

ಒಂದು ದಿನ ಅವನು ಹೀಗೆ ಉರುಳಿಸುತ್ತ ಗೆರೆಯ ಹತ್ತಿರ ಬಂದಾಗ ನನಗೆ ಸಗಣಿ ಕುಳ್ಳಿನ ಹೊಗೆ ಗಂಟಲಿಗೆ ಸಿಕ್ಕಿ ಕೆಮ್ಮು ಬಂತು. ಅವನು ಕೈ ನಿಲ್ಲಿಸಿದ. ಗೆರೆಯ ಮೇಲೇ ನಿಂತಿತ್ತು ಚಕ್ರ. ಆ ಗಾಲಿಯ ಹಳಿ ಕಚ್ಚಿ ಕೂತಿತು. ಮರುವಾರ ಇನ್ನೊಂದು ಗಾಲಿ ಅಳೆಯುವಾಗ ಗೆರೆಯ ಹತ್ತಿರ ಬರುತ್ತಲೇ ಚಕ್ರವನ್ನು ನಿಧಾನ ಮಾಡಿ ಕಿವಿ ನನ್ನ ಕಡೆ ತಿರುಗಿಸಿದ. ನಾನು ಕೆಮ್ಮಿದೆ. ಚಕ್ರ ನಿಂತಿತು. ಅಂದಿನಿಂದ ಅದೇ ಪದ್ಧತಿಯಾಯಿತು. ಅವನು ಕೇಳಲೂ ಇಲ್ಲ, ನಾನು ಹೇಳಲೂ ಇಲ್ಲ. ಗಿರಾಕಿಗಳ ಎದುರಿಗೆ ಮಾತ್ರ ‘ಅಳೀವಾಗ ಯಾರೂ ಮಾತಾಡಬ್ಯಾಡ್ರಿ, ಲೆಕ್ಕ ತಪ್ಪತೈತಿ’ ಎಂದು ಗದರುತ್ತಿದ್ದ. ಹೆಂಗಸಂತೂ ಅಳತೆಯ ಮಾತೇ ಎತ್ತಬಾರದು, ಎತ್ತಿದರೆ ಗಾಲಿ ಉಳಿಯುವುದಿಲ್ಲ ಎಂದು ಕಟ್ಟಳೆ ಮಾಡಿದ್ದ. ನನ್ನ ಬಾಯಿಗೆ ಬೀಗ ಹಾಕಿ, ಗಂಟಲನ್ನು ಮಾತ್ರ ಕೆಲಸಕ್ಕೆ ಇಟ್ಟುಕೊಂಡಿದ್ದ.

ಎರಡು ವರ್ಷ ಹೀಗೆ ನಡೆಯಿತು. ಅವನ ಹಳಿ ಒಂದೂ ಕಳಚಲಿಲ್ಲ.

ಆಗ ಬಂದವನು ಎರಡು ಹರದಾರಿ ಆಚೆಯ ಊರಿನ ಗೌಡರ ಮಗ. ಇಪ್ಪತ್ತೈದರ ಆಸುಪಾಸು, ಬಿಳಿ ಧೋತರ, ಕಿವಿಯಲ್ಲಿ ಅತ್ತರಿನ ಅರಳೆ. ಹಿಂದೆ ಹಲ್ಲು ಕಿಸಿಯುವುದಕ್ಕೆ ಇಬ್ಬರು. ಸಿಂದಗಿಯ ಕಡೆ ಗಾಡಿ ಓಟದ ಶರ್ಯತ್ತು ಇಟ್ಟಿದ್ದರು. ಗಾಡಿ ಹೊಸದು ತಂದಿದ್ದ, ಅದರ ಜೊತೆಗೆ ಬಂದ ಗಾಲಿ ಅವನಿಗೆ ಹಿಡಿಸಿರಲಿಲ್ಲ.

“ಏ ಮುದುಕಾ, ಈ ಗಾಲಿ ಕಿತ್ತು ಒಗದು ಬ್ಯಾರೆ ಹಾಕು. ಹಾರೂವಂಥಾವು ಬೇಕು.”

“ಹಾರೂವಂಥಾವು ಬೇಕಾದ್ರ ಹದ್ದಿನ ಕೇಳ್ರಿ ಧಣಿ. ನಾ ಉರುಳೂವಂಥಾವು ಮಾಡ್ತೇನಿ.”

“ಹೋದ ವರ್ಷ ಗೆದ್ದ ಗಾಡಿ ನೋಡಿಯೇನು? ಅದರ ಗಾಲಿ ನನ್ನ ಎದಿಮಟ ಬರ್ತಾವು. ನನಗ ಅದಕ್ಕಿಂತ ನಾಕ ಬೆರಳ ಹೆಚ್ಚಿಗಿ ಬೇಕು.”

ಮಾವ ಎದ್ದು ಅವನ ಎತ್ತುಗಳ ಹೆಗಲಿನಿಂದ ಗೊರಸಿನವರೆಗೆ ಕೈ ಎಳೆದ. ಆಮೇಲೆ ಕೈ ಒರೆಸಿಕೊಂಡ.

“ಆತನ ಎತ್ತು ಎತ್ತರದಾವು. ನಿಮ್ಮವು ಗಿಡ್ಡ ಕಾಲಿನಾವು. ಗಾಲಿ ಎತ್ತರಾತಂದ್ರ ಗಾಡಿ ಹಿಂದ ಎದ್ದು ಭಾರ ಎಲ್ಲಾ ಕೊಳ್ಳಿನ ಮ್ಯಾಲ ಬೀಳತೈತಿ. ನಿಮ್ಮ ಎತ್ತು ಓಡೂದಿಲ್ರಿ, ಮೊಣಕಾಲ ಊರಿ ನಿಮಗ ಶರಣ ಮಾಡತಾವು.”

ಹಿಂದಿನ ಇಬ್ಬರಿಗೆ ನಗು ತಡೆಯಲಿಲ್ಲ. ಗೌಡರ ಮಗ ತಿರುಗಿ ನೋಡಿದ, ಅವರು ಕೆಮ್ಮಿದಂತೆ ಮಾಡಿ ನುಂಗಿಕೊಂಡರು.

“ನನ್ನ ಎತ್ತಿಗೆ ಗಿಡ್ಡ ಅಂತಿಯಾ?”

“ನಾ ಅನ್ನಲಿಲ್ರಿ. ನನ್ನ ಕೈ ಅಂತು.”

ಎತ್ತರದ ಮಾತು ಅರ್ಧ ದಿನ ನಡೆಯಿತು. ಎಲೆ ಅಡಿಕೆ ಹಾಕಿದರು, ಉಗುಳಿದರು, ಮತ್ತೆ ಹಾಕಿದರು. ಕಡೆಗೆ ಮಾವ ಅವನನ್ನು ಒಂದು ಗೇಣು ಕಡಿಮೆ ಮಾಡಲು ಒಪ್ಪಿಸಿದ. ಆಮೇಲೆ ಹಳಿಯ ಅಗಲ. ನಮ್ಮ ಎರೆ ಭೂಮಿಗೆ ಮೂರು ಬೆರಳು ಅಗಲದ ಹಳಿ ಬೇಕು, ಇಲ್ಲದಿದ್ದರೆ ಮಳೆಯಲ್ಲಿ ಗಾಲಿ ನಟ್ಟನಡುವಿನ ಗುಂಬದವರೆಗೆ ಹೂಳುತ್ತದೆ. ಸಿಂದಗಿಯ ಶರ್ಯತ್ತಿನ ಬಯಲು ಗಟ್ಟಿ ಮೊರಮಿನದು, ಅಲ್ಲಿಗೆ ಒಂದೂವರೆ ಬೆರಳು ಸಾಕು. ಗೌಡರ ಮಗನಿಗೆ ಒಂದು ಬೆರಳಿನ ಹಳಿಯೇ ಬೇಕು. ಹಳಿ ಸಣ್ಣದಾದರೆ ಕೆಳಗಿನ ಮರವನ್ನೂ ಅಷ್ಟೇ ಸಣ್ಣಗೆ ಕೆತ್ತಬೇಕು.

“ಒಂದ ಬೆರಳಂದ್ರ ಗಾಲಿ ಆಗೂದಿಲ್ರಿ, ಬಳಿ ಆಗತೈತಿ. ಹೆಂಡ್ತಿ ಕೈಗೆ ಹಾಕ್ರಿ.”

“ಹಗೂರ ಇದ್ರ ಓಡತೈತೋ ಇಲ್ಲೋ?”

“ಓಡತೈತ್ರಿ. ಅಳತಿ ಕೂದಲೆಳಿಯಷ್ಟೂ ತಪ್ಪಬಾರದು.”

“ನಿನ್ನ ಅಳತಿ ಎಂದಾರ ತಪ್ಪೇತೇನು?”

ಮಾವನಿಗೆ ಅಷ್ಟು ಸಾಕಾಯಿತು. ಗಡ್ಡ ಸವರಿಕೊಂಡು, “ಎತ್ತರ ನನ್ನ ಮಾತು, ಅಗಲ ನಿಮ್ಮ ಮಾತು” ಎಂದ. ಗೌಡರ ಮಗ ಗಾಡಿ ಹತ್ತಿ ಹೇಳಿದ: “ಗೆದ್ದರ ನಮ್ಮೂರಿನ ಆಯನೂ ನಿನಗ. ನಮ್ಮ ಬಡಿಗ ಸತ್ತಾನ. ಸೋತರ ನೀನೂ ಸತ್ತಾಂಗ ಅಂತ ತಿಳಕೋ.”

ಎರಡು ಊರಿನ ಜೋಳ. ಮಾವ ಆ ದಿನ ಎರಡು ರೊಟ್ಟಿ ಹೆಚ್ಚು ತಿಂದ.

ಆರಿಸಿದ್ದರಲ್ಲಿ ತಪ್ಪಿರಲಿಲ್ಲ, ಅದನ್ನು ಹೇಳಬೇಕು. ಆ ಎತ್ತರ ಆ ಎತ್ತುಗಳಿಗೆ ಸರಿ. ಆ ಅಗಲವೂ ಮೊರಮಿನ ಮೇಲೆ ನಡೆಯುತ್ತಿತ್ತು. ಒಣಗಿದ ಜಾಲಿ ತೆಗೆದು ಮಾವ ಎರಡು ತಿಂಗಳು ಕೆತ್ತಿದ. ಅಂಥ ಗಾಲಿಗಳನ್ನು ನನ್ನ ಅಪ್ಪನೂ ಮಾಡಿರಲಿಲ್ಲ. ಮರದ ತುಂಡುಗಳು ಕೂಡುವ ಕಡೆ ಉಗುರು ಎಳೆದರೂ ಸಂದು ಸಿಗದಷ್ಟು ನಯ ಮಾಡಿದ್ದ.

ಆ ಎರಡು ತಿಂಗಳ ನಡುವೆ ಮುದ್ದೇಬಿಹಾಳದವರು ಬಂದರು.

ನನ್ನ ತಂಗಿಗೆ ಅಲ್ಲಿ ಒಂದು ಮನೆ ನೋಡಿದ್ದರು. ಹುಡುಗ ಬಾಗಿಲು, ಕಿಟಕಿ ಮಾಡುವವನು, ಪೇಟೆಯಲ್ಲಿ ಸ್ವಂತ ಅಂಗಡಿ. ನೋಡುವುದು, ಮಾತು, ಎಲ್ಲ ಆಗಿತ್ತು. ನಿಶ್ಚಯದ ಸೀರೆ ಉಡಿಸುವುದೊಂದು ಉಳಿದಿತ್ತು. ಹೆಣ್ಣಿನ ಅಕ್ಕ ಎಲ್ಲಿ, ಹೇಗೆ ಬಾಳುತ್ತಿದ್ದಾಳೆ ಎಂದು ನೋಡಿಕೊಂಡು ಹೋಗುವುದು ನಮ್ಮಲ್ಲಿ ಪದ್ಧತಿ. ಹುಡುಗನ ಅಪ್ಪ ಮತ್ತು ಸೋದರಮಾವ ಬಂದು ನಮ್ಮ ಕುಲುಮೆಯ ಕಟ್ಟೆಯ ಮೇಲೆ ಕೂತರು. ಮಾವ ಆಗ ಊರವರ ಹೊಲದ ಗಾಡಿಯ ಗಾಲಿ ಅಳೆಯುತ್ತಿದ್ದ. ನಾನು ಸೆರಗು ಎಳೆದುಕೊಂಡು ನಿಂತು, ಗೆರೆ ಬಂದಾಗ ಕೆಮ್ಮಿದೆ. ಪಟ್ಟಿಯ ಮೇಲೆ ಉರುಳಿಸುವಾಗ ಇನ್ನೊಮ್ಮೆ ಕೆಮ್ಮಿದೆ.

ಸೋದರಮಾವ ಚುರುಕಿನವನು. “ನಿಮ್ಮ ಸೊಸಿ ಯಾಕ ಕೆಮ್ಮತಾಳ್ರಿ ಹಿರೇರ?” ಎಂದ.

ಹೊಗೆ ಅಂದಿದ್ದರೆ ಆಗುತ್ತಿತ್ತು. ಆದರೆ ಆ ಹೊತ್ತಿನಲ್ಲಿ ಕುಲುಮೆಗೆ ಬೆಂಕಿ ಹಾಕಿರಲಿಲ್ಲ, ಹೊಗೆ ಇರಲಿಲ್ಲ. ನೆಗಡಿ ಅಂದಿದ್ದರೂ ಆಗುತ್ತಿತ್ತು. ಗಾಲಿಯ ಒಡೆಯ ಎದುರಿಗೇ ಕೂತಿದ್ದ, ಅವನು ನನ್ನ ಕೆಮ್ಮನ್ನು ಎರಡು ವರ್ಷದಿಂದ ಕೇಳುತ್ತಿದ್ದವನು. ಎರಡು ವರ್ಷದ ನೆಗಡಿ ಇರುವುದಿಲ್ಲವಲ್ಲ. ಮಾವ ಚಕ್ರ ಕೆಳಗಿಟ್ಟು ನಿಟ್ಟುಸಿರು ಬಿಟ್ಟ.

“ಏನ ಹೇಳೂದ್ರಿ. ತವರುಮನಿ ಬ್ಯಾನಿ. ಕ್ಷಯ ಅಂತಾರ. ಇವರವ್ವಗೂ ಐತಂತ. ನಮಗ ಹೇಳದ ಕೊಟ್ಟಾರ. ಬಂದಮ್ಯಾಲ ಹೊರಗ ಹಾಕಾಕ ಬರತೈತೇನ್ರಿ? ಇಟಗೊಂಡೇವಿ.”

ನನ್ನ ಅವ್ವ ಆಗ ಹೊಲದಲ್ಲಿ ದಿನಕ್ಕೆ ಹತ್ತು ಗಂಟೆ ಕಳೆ ತೆಗೆಯುತ್ತಿದ್ದಳು. ಒಮ್ಮೆಯೂ ಕೆಮ್ಮಿದ್ದು ನಾನು ಕಂಡಿಲ್ಲ.

ಅವರು ನಾನು ಕೊಟ್ಟ ಚಹಾ ಮುಟ್ಟಲಿಲ್ಲ. ಬಟ್ಟಲನ್ನು ಕಟ್ಟೆಯ ತುದಿಗೆ ಸರಿಸಿಟ್ಟು ಎದ್ದು ಹೋದರು. ನಾನು ಆ ಚಹಾ ಕುಡಿದೆ. ಚೆಲ್ಲುವುದಕ್ಕೆ ಬೆಲ್ಲ ಪುಕ್ಕಟೆ ಬಂದಿರಲಿಲ್ಲ.

ಅವರು ಹೋದ ಮೇಲೆ ನಾನು ಕೇಳಿದೆ. ಮಾವನ ಎದುರಿಗೆ ನಿಂತು ಕೇಳಿದ್ದು ಅದೇ ಮೊದಲು.

“ಸುಳ್ಳ ಯಾಕ ಹೇಳಿದ್ರಿ ಮಾವಾರ?”

“ನಿನ್ನ ಕೆಮ್ಮಿಗೆ ಏನರ ಒಂದ ಹೆಸರ ಹೇಳಬೇಕಲ್ಲ.”

“ನನ್ನ ತಂಗಿ ಮದಿವಿ ಮುರೀತು.”

“ಮುರಿದ್ರ ಇನ್ನೊಂದ ಮಾಡತಾರ. ನನ್ನ ಕಸುಬ ಮುರಿದ್ರ ನಿನ್ನ ಹೊಟ್ಟಿಗಿ ಯಾರ ಹಾಕತಾರ? ನಿಮ್ಮಪ್ಪ ಹಾಕತಾನೇನು?”

“ಹಂಗಾರ ಇನ್ನಮ್ಯಾಲ ನಾ ಕೆಮ್ಮೂದಿಲ್ರಿ.”

ಅವನು ನಕ್ಕ. “ಕೆಮ್ಮಬ್ಯಾಡ. ಸೊಸಿ ಆರಾಮಾದಳು ಅಂತ ಊರಾಗ ಸಕ್ಕರಿ ಹಂಚತೇನಿ.”

ನನಗೆ ಧೈರ್ಯವಿಲ್ಲ ಎಂದು ತಿಳಿದಿದ್ದ. ಗಂಡ ಬಾಗಿಲಲ್ಲಿ ನಿಂತು ಎಲ್ಲ ಕೇಳಿದ. ಆಮೇಲೆ ರೊಟ್ಟಿ ಆಯಿತೇನು ಎಂದು ನನ್ನನ್ನು ಕೇಳಿದ.

ಕ್ಷಯದ ಸುದ್ದಿ ನನ್ನ ತವರಿಗೆ, ನಿಜ ಬರೆದು ನಾನು ಹಾಕಿದ ಕಾಗದಕ್ಕಿಂತ ಮೊದಲು ತಲುಪಿತು. ಇನ್ನು ಯಾರೂ ಕೇಳಿಕೊಂಡು ಬರುವುದಿಲ್ಲ ಎಂದು ಅಪ್ಪ ಹೆದರಿದ. ತಿಂಗಳೊಳಗೆ ತಂಗಿಯನ್ನು ಸಿಂದಗಿಯ ಕಡೆಯ ಒಬ್ಬ ಎರಡನೆಯ ಸಂಬಂಧದವನಿಗೆ ಕೊಟ್ಟುಬಿಟ್ಟ. ಆ ಮನುಷ್ಯನ ದೊಡ್ಡ ಮಗ ನನ್ನ ತಂಗಿಗಿಂತ ಎರಡು ವರ್ಷ ದೊಡ್ಡವನು. ಮದುವೆಗೆ ನನ್ನನ್ನು ಕರೆಯಲಿಲ್ಲ. ನಾನು ಬಂದು ಕೆಮ್ಮಿದರೆ ಅದೂ ಮುರಿದೀತು ಎಂದು ಅವ್ವ ಹೇಳಿ ಕಳುಹಿಸಿದಳು. ಹೆತ್ತವಳೇ ನಂಬಿಬಿಟ್ಟಿದ್ದಳು.

ನಾನು ಅಳಲಿಲ್ಲ. ಗೌಡರ ಮಗನ ಗಾಲಿಗೆ ಹಳಿ ಹಾಕುವ ದಿನ ಯಾವುದು ಎಂದು ಗಂಡನನ್ನು ಕೇಳಿದೆ, ಅಷ್ಟೇ. ಅಲ್ಲಿಯವರೆಗೆ ಬೇರೆ ಹಳಿಯ ಕೆಲಸ ಬರಲಿಲ್ಲ. ಬಂದಿದ್ದರೆ ಮಾವನಿಗೆ ಮೊದಲೇ ತಿಳಿಯುತ್ತಿತ್ತು.

ಆ ದಿನ ಬೆಳಿಗ್ಗೆ ಗೌಡರ ಮಗ ತನ್ನ ಇಬ್ಬರನ್ನು ಕರೆದುಕೊಂಡು ಬಂದ. ಊರಿನ ಹತ್ತಿಪ್ಪತ್ತು ಮಂದಿ ನೋಡಲು ಸೇರಿದ್ದರು. ಎರಡು ಗಾಲಿಗಳನ್ನು ನೆಲಕ್ಕೆ ಮಲಗಿಸಿದ್ದರು. ಮಾವ ಅಳತೆಯ ಚಕ್ರ ಹಿಡಿದು, “ಯಾರೂ ಮಾತಾಡಬ್ಯಾಡ್ರಿ” ಎಂದ. ಯಾರೂ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ.

ಮೊದಲ ಗಾಲಿ. ಆರು ಸುತ್ತು ಬಂತು, ಗೆರೆ ಹತ್ತಿರವಾಯಿತು. ಚಕ್ರ ನಿಧಾನವಾಯಿತು. ಅವನ ಕಿವಿ ನನ್ನ ಕಡೆ ತಿರುಗಿತು. ನಾನು ಕೊಡದ ಬಾಯಿ ಹಿಡಿದು ನಿಂತಿದ್ದೆ. ಅವನು ಕಾದ. ಸುಮ್ಮನೆ ಗಂಟಲು ಸರಿಮಾಡಿಕೊಂಡ, ನನಗೆ ನೆನಪು ಮಾಡುವಂತೆ. ಆಮೇಲೆ ತನಗೆ ತಿಳಿದಲ್ಲಿ ನಿಲ್ಲಿಸಿದ. ಕೈ ಪಳಗಿದ ಮನುಷ್ಯ. ಗೆರೆಯ ಮೇಲೇ ಬಿತ್ತು. 

ಎರಡನೆಯ ಗಾಲಿ. ಈಗ ಅವನ ಹಣೆಯಲ್ಲಿ ಬೆವರಿತ್ತು. ಗೆರೆ ಬರುವ ಮೊದಲೇ ನಿಂತ, ಒಂದು ಬೆರಳು ಮುಂದೆ ಹೋದ, ಮತ್ತೆ ನಿಂತ. ಗೆರೆ ಇನ್ನೂ ಒಂದೂವರೆ ಬೆರಳು ಆಚೆಗಿತ್ತು.

“ಯಾಕ ನಿಂತಿ ಮುದುಕಾ?” ಎಂದ ಗೌಡರ ಮಗ.

“ಲೆಕ್ಕ ಹಿಡ್ಯಾಕತ್ತೇನ್ರಿ.”

“ಹಿಡೀ ಹಿಡೀ. ಓಡಿ ಹೋಗತೈತಿ.”

ಎಲ್ಲರೂ ನಕ್ಕರು. ಆ ನಗುವಿನ ಒಳಗೆ ಒಂದು ಕೆಮ್ಮು ಕೇಳಿಸೀತೇ ಎಂದು ಅವನು ತಲೆ ಓರೆ ಮಾಡಿದ್ದನ್ನು ನಾನು ನೋಡಿದೆ. ಕೇಳಿಸಲಿಲ್ಲ. ಅವನು ಅಲ್ಲೇ ಅಳತೆ ಮುಗಿಸಿದ. ಆ ತಪ್ಪಿನ ಮೇಲೆ ಓಟದ ಗಾಲಿಗೆ ಬಿಡಬೇಕಾದ ಅರ್ಧ ಬೆರಳನ್ನೂ ಕಳೆದು ಪಟ್ಟಿ ಕತ್ತರಿಸಿದ. ಎಲ್ಲ ಸೇರಿ ಎರಡು ಬೆರಳು ಕಡಿಮೆ.

ಮಧ್ಯಾಹ್ನ ಹಳಿ ಬೆಸೆದು, ಕುಳ್ಳು ಒಟ್ಟಿ ಕಾಯಿಸಿದರು. ಮೊದಲನೆಯದು ಸುಲಭವಾಗಿ ಕೂತಿತು. ಎರಡನೆಯದು ಕೂರಲಿಲ್ಲ. “ಹೊಡಿ” ಎಂದ ಮಾವ. ಗಂಡ ಹೊಡೆದ. ಹೊಡೆ ಎಂದಷ್ಟು ಹೊತ್ತೂ ಹೊಡೆದ. ಹಳಿ ಚೀರುತ್ತ ಇಳಿಯಿತು. ನಾನು ಸುತ್ತಲೂ ನೀರು ಹೊಯ್ದೆ. ಹಬೆಯೊಳಗಿಂದ ಗಾಲಿ ನರಳಿತು. ಒಂದು ಅರದ ಬುಡದಲ್ಲಿ ಒಣ ಕಡ್ಡಿ ಮುರಿದಂಥ ಸದ್ದು.

ಆ ಸದ್ದು ಮಂದಿಗೆ ಅರ್ಥವಾಗಲಿಲ್ಲ. ಮಾವನಿಗೆ ಅರ್ಥವಾಯಿತು. ಅವನ ಮುಖ ಸುಣ್ಣದಂತಾಯಿತು. ಅವನು ಆಗ ಹೇಳಬಹುದಿತ್ತು: ಧಣಿ, ಅಳತೆ ತಪ್ಪಿತು, ಎಂಟು ದಿನ ಕೊಡಿ, ಇನ್ನೊಂದು ಮಾಡುತ್ತೇನೆ. ಹೇಳಿದ್ದರೆ ಬೈಗುಳಕ್ಕೆ ಮುಗಿಯುತ್ತಿತ್ತು.

“ಏನ ಸಪ್ಪಳ ಅದು?” ಎಂದ ಗೌಡರ ಮಗ.

“ಹಳಿ ಬಿಗಿ ಹಿಡೀತ್ರಿ ಧಣಿ. ಛಲೋ ಹಿಡೀತಂದ್ರ ಹಂಗ ಅಂತೈತಿ.”

ಗಾಲಿ ಹಾಕಿಕೊಂಡು ಅವರು ಹೋದರು. ಆ ದಿನ ಮಾವ ನನಗೆ ಏನೂ ಅನ್ನಲಿಲ್ಲ.  ನೀನು ಯಾಕೆ ಕೆಮ್ಮಲಿಲ್ಲ ಎಂದು ಕೇಳಿದರೆ ಎರಡು ವರ್ಷ ಯಾಕೆ ಕೆಮ್ಮಿದೆ ಎಂಬುದನ್ನೂ ಬಾಯಿಬಿಟ್ಟು ಹೇಳಬೇಕಾಗುತ್ತಿತ್ತು.

ಶರ್ಯತ್ತಿಗೆ ಹೆಂಗಸರು ಹೋಗುತ್ತಿರಲಿಲ್ಲ. ಗಂಡ ಹೋಗಿ ಬಂದು ಹೇಳಿದ. ಅರ್ಧ ಬಯಲಿನವರೆಗೆ ಗೌಡರ ಮಗನ ಗಾಡಿಯೇ ಮುಂದಿತ್ತಂತೆ. ಆಮೇಲೆ ಎಡಗಾಲಿ ಊಟದ ಎಲೆ ಮಡಚಿದಂತೆ ಒಳಗೆ ಮಡಚಿಕೊಂಡಿತಂತೆ. ಗಾಡಿ ಹೊಡೆಯುತ್ತಿದ್ದ ಆಳು ಮುಖ ಅಡಿಯಾಗಿ ಬಿದ್ದು ಮುಂದಿನ ಹಲ್ಲು ಕಳೆದುಕೊಂಡ. ಎಡದ ಎತ್ತಿನ ಮುಂಗಾಲು ಮುರಿಯಿತು. ಆ ಎತ್ತು ನನಗೆ ಏನೂ ಮಾಡಿರಲಿಲ್ಲ. ಆಳೂ ಮಾಡಿರಲಿಲ್ಲ. ಇದು ನನಗೆ ಆಗಲೂ ಗೊತ್ತಿತ್ತು, ಈಗಲೂ ಗೊತ್ತಿದೆ.

ಮರುದಿನ ಹೊತ್ತೇರುವ ಮೊದಲು ಗೌಡರ ಮಗ ಮುರಿದ ಗಾಲಿ ಹೇರಿಕೊಂಡು ಬಂದ. ಕಟ್ಟೆಯ ಮುಂದೆ ಅದನ್ನು ಎಸೆದ. ಸದ್ದು ಕೇಳಿ ಓಣಿಯ ಮಂದಿ ಕೂಡಿದರು.

“ಕೈ ಹಚ್ಚಿ ನೋಡೋ ಬಡಿಗ್ಯಾ, ನಿನ್ನ ಬಳಿ.”

ಮಾವ ಕೂತಲ್ಲೇ ಮುರಿದ ಅರಗಳನ್ನು ಮುಟ್ಟಿದ. “ಎತ್ತು ಅಡ್ಡ ಹಾದಿರಬೇಕ್ರಿ. ಹೊಡಿಯಾಂವ ಹೊಸಬ…” ಎಂದು ಶುರುಮಾಡಿದ.

“ಎತ್ತಿನ ಸುದ್ದಿ ತೆಗೀಬ್ಯಾಡ. ಬಾಗೇವಾಡಿ ಕಡೆ ಒಬ್ಬ ಬಡಿಗ ಬಂದಿದ್ದ ಅಲ್ಲಿ. ಹಳಿ ಅಳದು ನೋಡಿದ. ಎರಡ ಬೆರಳ ಕಡಿಮಿ ಐತಿ, ಕಣ್ಣಿದ್ದಾಂವ ಹಿಂಗ ಮಾಡೂದಿಲ್ಲ ಅಂದ. ನಿನಗ ಕಣ್ಣ ಅದಾವೋ ಇಲ್ಲೋ?”

“ಅದಾವ್ರಿ. ಯಾಕ ಇರೂದಿಲ್ಲ.”

ಗೌಡರ ಮಗ ನಾಲ್ಕು ಹೆಜ್ಜೆ ಹಿಂದೆ ಸರಿದ. ಬಿಸಿಲು ಅವನ ಬೆನ್ನ ಹಿಂದಿತ್ತು. ಕೈ ಮೇಲೆತ್ತಿದ.

“ದಿನಾ ಬೆರಳಿನ ಲೆಕ್ಕ ಹೇಳಾಂವ ನೀ. ಇವು ಎಷ್ಟ ಬೆರಳ ಹೇಳು.”

ಓಣಿ ಸುಮ್ಮನಾಯಿತು. ಹಳಿ ಅಳೆಯುವಾಗ ಆಗುತ್ತಿದ್ದಂತೆ. ಮಾವ ಮುಖವನ್ನು ಬಿಸಿಲಿಗೆ ಹಿಡಿದ. ಅವನ ಕಿವಿ ಮೆಲ್ಲಗೆ ನನ್ನ ಕಡೆ ತಿರುಗಿತು. ಇಷ್ಟೆಲ್ಲ ಆದ ಮೇಲೂ ತಿರುಗಿತು. ನಾನು ಬಾಗಿಲ ಪಕ್ಕ ನಿಂತಿದ್ದೆ. ಗೌಡರ ಮಗನ ಕೈ ನನಗೆ ಚೆನ್ನಾಗಿ ಕಾಣುತ್ತಿತ್ತು. ಅವನು ಬೆರಳೇ ತೆಗೆದಿರಲಿಲ್ಲ. ಮುಷ್ಟಿ ಹಿಡಿದಿದ್ದ.

ನಾನು ಎರಡು ಸಲ ಕೆಮ್ಮಿದೆ.

“ಎರಡ್ರಿ ಧಣಿ” ಎಂದ ಮಾವ. ದನಿಯಲ್ಲಿ ಜೀವ ಬಂದಿತ್ತು. “ಎರಡ ಬೆರಳ!”

 ಮೊದಲು ಒಬ್ಬ ನಕ್ಕ, ಆಮೇಲೆ ಓಣಿಯೇ ನಕ್ಕಿತು. ಗೌಡರ ಮಗ ಆ ಮುಷ್ಟಿಯನ್ನು ಮಾವನ ಮೂಗಿನ ಹತ್ತಿರ ತಂದು, ಅವನ ಕೈ ಹಿಡಿದು ಅದರ ಮೇಲೆ ಇಟ್ಟು, “ಮುಟ್ಟಿ ಹೇಳೋ, ಮುಟ್ಟಿ ಹೇಳಾಂವ” ಎಂದ. ಮಾವನ ಬೆರಳುಗಳು ಆ ಮುಷ್ಟಿಯ ಸುತ್ತ ಒಮ್ಮೆ ತಿರುಗಿದವು. ಆಮೇಲೆ ಅವನು ಕೈ ತೊಡೆಯ ಮೇಲೆ ಇಟ್ಟುಕೊಂಡ. ನಗು ನಿಲ್ಲುವವರೆಗೂ ಅಲ್ಲಿಂದ ತೆಗೆಯಲಿಲ್ಲ.

ಆ ಸುಗ್ಗಿಯಲ್ಲಿ ನಮಗೆ ಆಯ ಬರಲಿಲ್ಲ. ಮಂದಿ ಹಳಿ ಹಾಕಿಸಲು ಇಂಡಿಗೆ ಹೋದರು. ಗಂಡ ಇಂಡಿಯ ಒಬ್ಬ ಕಂಬಾರನ ಕೈಕೆಳಗೆ ಸುತ್ತಿಗೆ ಹೊಡೆಯಲು ಹೋದ, ನಾನು ಕೂಲಿಗೆ ಹೋದೆ. ಮಾವ ಹೇಳಿದ್ದು ಒಂದು ಮಾತು ನಿಜವೇ: ಅವನ ಕಸುಬು ಮುರಿದ ಮೇಲೆ ನನ್ನ ಹೊಟ್ಟೆಗೆ ಯಾರೂ ಹಾಕಲಿಲ್ಲ. ನಾಲ್ಕೈದು ವರ್ಷದ ಮೇಲೆ ರಬ್ಬರ್ ಟಾಯರಿನ ಗಾಡಿಗಳು ಬರತೊಡಗಿದವು. ಅವಕ್ಕೆ ಕಟ್ಟಿಗೆಯೂ ಬೇಡ, ಕುಲುಮೆಯೂ ಬೇಡ. ಗಂಡ ಅದನ್ನು ನೋಡಿ ಬಂದು, “ಹೆಂಗಿದ್ರೂ ಹೋಗೂದ ಇತ್ತು ಬಿಡು” ಎಂದ. ಅದು ಅವನು ನನಗೆ ಹೇಳಿದ ಸಮಾಧಾನ.

ತಂಗಿ ಒಮ್ಮೆ ಬಂದಳು, ಎರಡನೆಯ ಬಾಣಂತನ ಮುಗಿಸಿ. ಇಪ್ಪತ್ತಕ್ಕೆ ನಲವತ್ತರವಳಂತೆ ಆಗಿದ್ದಳು. ಅವಳಿಗೆ ನಾನು ಎಲ್ಲವನ್ನೂ ಹೇಳಿದೆ: ಸುಣ್ಣದ ಗೆರೆ, ಕೆಮ್ಮು, ಮುಷ್ಟಿ. ಖುಷಿಪಟ್ಟಾಳು ಎಂದುಕೊಂಡಿದ್ದೆ. ಕೂಸಿಗೆ ಹಾಲು ಕೊಡುತ್ತ ಕೇಳಿದಳು, ಮುಗಿದ ಮೇಲೆ ಸೆರಗು ಸರಿಮಾಡಿಕೊಂಡಳು.

“ಮುದ್ದೇಬಿಹಾಳದವರು ಬಂದ ದಿನ ಕೆಮ್ಮೂದು ಬಿಟ್ಟಿದ್ರ ಆಗತಿತ್ತಲ್ಲ ಯಕ್ಕಾ. ಅವತ್ತ ಯಾಕ ಕೆಮ್ಮಿದಿ?”

ನಾನು ಎದ್ದು ಅವಳ ದಾರಿಗೆ ರೊಟ್ಟಿ ಕಟ್ಟಿದೆ. ಅವಳು ಸಂಜೆಯ ಮೋಟಾರಿಗೆ ಹೋದಳು. ಮತ್ತೆ ಬರಲಿಲ್ಲ.

ಮಾವ ಇನ್ನೂ ಆರು ವರ್ಷ ಬದುಕಿದ. ಬಿಸಿಲು, ನೆರಳೂ ತಿಳಿಯದಂತಾಯಿತು. ಅಡುಗೆಮನೆಯ ಮೂಲೆಯಲ್ಲಿ ಕೂತಿರುತ್ತಿದ್ದ, ತಾನೇ ಮಾಡಿದ ಹಳೆಯ ಗಾಲಿಯ ಗುಂಬಕ್ಕೆ ಒರಗಿ. ದಿನಕ್ಕೆ ಎರಡು ಸಲ ನಾನು ಅವನ ಮುಂದೆ ತಟ್ಟೆ ಇಟ್ಟು ಒಮ್ಮೆ ಕೆಮ್ಮುತ್ತಿದ್ದೆ. ಕೆಮ್ಮು ಬಂದ ಕಡೆಗೆ ಕೈ ಚಾಚಿ ರೊಟ್ಟಿ ತೆಗೆದುಕೊಳ್ಳುತ್ತಿದ್ದ.

ಕೆಲವು ದಿನ ಕೆಮ್ಮುತ್ತಿರಲಿಲ್ಲ. ತಟ್ಟೆ ಇಟ್ಟು ಹಿಂದೆ ಸರಿದು ನಿಲ್ಲುತ್ತಿದ್ದೆ. ಅವನು ಕಿವಿ ತಿರುಗಿಸಿ ಕಾಯುತ್ತಿದ್ದ. ಆಮೇಲೆ ನೆಲದ ಮೇಲೆ ಅಂಗೈ ಸವರುತ್ತ, ಬೆರಳು ಬೆರಳಾಗಿ ಅಳೆಯುತ್ತ, ತಟ್ಟೆಯ ಹತ್ತಿರ ಬರುತ್ತಿದ್ದ. ಒಂದು ಸಲವೂ ನನ್ನನ್ನು ಕರೆಯಲಿಲ್ಲ. ನಾನೂ ತಟ್ಟೆಯನ್ನು ಹತ್ತಿರಕ್ಕೆ ಸರಿಸಲಿಲ್ಲ.